ಎರಡನೇ ಲೈನ್ ಬಂದರೂ ಮೇಷ್ಟ್ರ ವಿಡಿಯೊ ಕ್ಲಾಸ್ ಕಟ್ ಆಗ್ತಿದ್ದುದೇಕೆ?

(ನಮ್ಮ ತಂತ್ರಜ್ಞಾನ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಂದು ಪೆಟ್ಟಿಗೆಯ ವಿಷಯ ಮಾತಾಡೋಣ. ನಿಮ್ಮ ಮನೆಯ ಟಿವಿ ಪಕ್ಕದಲ್ಲಿ ಮಿಣುಕ್ತಾ ಇರೋ ವೈಫೈ ಪೆಟ್ಟಿಗೆ ಅಲ್ಲ. ಅದಕ್ಕೆ ಸಿಕ್ಕಿಸಿರೋ ಫೈಬರ್ ಕಂಬದಿಂದ ಕಂಬಕ್ಕೆ ಹಾದು ಕೊನೆಗೆ ಎಲ್ಲಿಗೋ ಹೋಗಿ ಸೇರುತ್ತಲ್ಲ, ಅಲ್ಲಿರೋ ದೊಡ್ಡ ರೂಟರ್. ಸಾವಿರಾರು ಮನೆಗಳ ಇಂಟರ್ನೆಟ್ ಹೋಗೋದೂ ಬರೋದೂ ಅದೊಂದರ ಮೂಲಕವೇ. ಯಾವ ಮನೆಗೆ ಎಷ್ಟು ವೇಗ ಅಂತ ಹಂಚೋದೂ ಅದೇ. ಆ ಹಂಚಿಕೆ ಇನ್ನೂರು ಮನೆಗೆ ಸಲೀಸು. ಸಾವಿರಗಳ ಲೆಕ್ಕಕ್ಕೆ ಹೋದಾಗ ಅದೇ ಕೆಲಸ ಬೇರೆಯದೇ ಕೆಲಸ ಆಗಿಬಿಡತ್ತೆ. ನಾನು ಇದನ್ನ ಪುಸ್ತಕದಿಂದ ಕಲಿತದ್ದಲ್ಲ, ಬೈಸಿಕೊಂಡು ಕಲಿತದ್ದು.

2020ರಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಮೊದಲು ಕೇಬಲ್ ಟಿವಿ ನಡೆಸ್ತಿದ್ದ ಮಾಲೀಕರು ಆಮೇಲೆ ಇಂಟರ್ನೆಟ್‌ಗೆ ಇಳಿದಿದ್ದರು. ಹತ್ತಿರ ಹತ್ತಿರ 2,800 ಮನೆ, 1 ಗಿಗಾಬಿಟ್ ಲೈನ್, ಲಿನಕ್ಸ್ ಹಾಕಿದ ಎಂಟು ಕೋರ್‌ನ ಒಂದು ಸರ್ವರ್. ಅದೇ ನಮ್ಮ ರೂಟರ್. ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾಯ್ತು. ಬೆಂಗಳೂರಿಂದ ವಾಪಸ್ ಬಂದ ಹುಡುಗರು, ಮನೆಯಿಂದಲೇ ಪಾಠ ಮಾಡೋ ಮೇಷ್ಟ್ರುಗಳು, ಎಲ್ಲರಿಗೂ ಒಂದೇ ಸಲ ಇಂಟರ್ನೆಟ್ ಬೇಕಾಯ್ತು. ಸಂಜೆ ಏಳಾದರೆ ಫೋನ್ ಮೇಲೆ ಫೋನ್.

ಅದರಲ್ಲಿ ಒಬ್ಬರು ಹೈಸ್ಕೂಲ್ ಗಣಿತದ ಮೇಷ್ಟ್ರು. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಸಂಜೆ ಹೊತ್ತು ವಿಡಿಯೊದಲ್ಲಿ ಪಾಠ ಹೇಳ್ತಿದ್ದರು. "ಸ್ಪೀಡ್ ಟೆಸ್ಟ್ ಮಾಡಿದ್ರೆ ಪೂರ್ತಿ ತೋರಿಸತ್ತಪ್ಪ. ಆದ್ರೆ ನಾನು ಮಾತಾಡೋದು ಮಕ್ಕಳಿಗೆ ಕೇಳಿಸ್ತಿಲ್ಲ. ಇದು ಯಾವ ಸೀಮೆ ಸ್ಪೀಡು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಲೋಡ್ ಜಾಸ್ತಿ ಸಾರ್, ಲೈನ್ ಹೆಚ್ಚಿಸ್ತಿದೀವಿ" ಅಂದೆ.

ಲೈನ್ ಹೆಚ್ಚಿಸಿದ್ದೂ ಆಯ್ತು. ಮಾಲೀಕರು ಸಾಲ ಮಾಡಿ ಇನ್ನೊಂದು ಗಿಗಾಬಿಟ್ ತಂದರು. ಅವತ್ತು ಸಂಜೆ ಇಬ್ಬರೂ ಗ್ರಾಫ್ ಮುಂದೆ ಕೂತೆವು. ಹಿಂದಿನ ದಿನ ಗ್ರಾಫ್ 600 ಮೆಗಾಬಿಟ್‌ಗೆ ಹೋಗಿ, ಮೇಜಿನ ಹಲಗೆ ಥರ ಚಪ್ಪಟೆಯಾಗಿ ನಿಂತಿತ್ತು. ಎರಡನೇ ಲೈನ್ ಹಾಕಿದ ದಿನವೂ ಅದೇ 600, ಅದೇ ಹಲಗೆ. ಮಾಲೀಕರು ನನ್ನ ಮುಖ ನೋಡಿದರು. "ಅಲ್ಲಪ್ಪ, ಹಾಗಾದ್ರೆ ನಾನು ದುಡ್ಡು ಕೊಟ್ಟು ತಂದಿದ್ದು ಏನು?" ಅಂದರು.

ತೂಬಿನ ಬಾಯಿ

ನಮ್ಮ ಕಡೆ ಕೆರೆಗಳಿಗೆ ನೀರಗಂಟಿ ಅಂತ ಇರ್ತಿದ್ದರು. ತೂಬು ಎತ್ತೋದು, ಇಳಿಸೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ಅವರ ಕೆಲಸ. ಕೆರೆಗೆ ಎಷ್ಟೇ ನೀರು ಬಂದರೂ ಗದ್ದೆಗೆ ಹೋಗೋದು ತೂಬಿನ ಬಾಯಿ ಎಷ್ಟಿದೆಯೋ ಅಷ್ಟೇ. ನಾವು ಕೆರೆ ದೊಡ್ಡದು ಮಾಡಿದ್ದೆವು, ತೂಬು ಹಾಗೇ ಇತ್ತು.

ರೂಟರ್‌ನೊಳಗಿನ ನೀರಗಂಟಿ ಯಾರು? ಲಿನಕ್ಸ್‌ನಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರೋದು ಎಚ್‌ಟಿಬಿ ಅನ್ನೋ ವ್ಯವಸ್ಥೆ. ಇದು ಒಂದು ಮರದ ಥರ. ಬುಡದಲ್ಲಿ ಒಟ್ಟು ಲೈನ್, ಕೊಂಬೆಗಳಲ್ಲಿ ಬಡಾವಣೆಗಳು, ತುದಿಯಲ್ಲಿ ಮನೆಗಳು. ಪ್ರತಿ ಮನೆಗೂ ಎರಡು ಸಂಖ್ಯೆ. ಏನೇ ಆದರೂ ಸಿಗಬೇಕಾದ ವೇಗ ಒಂದು, ಪಕ್ಕದವರು ಬಳಸದೇ ಇದ್ದಾಗ ಎಲ್ಲಿವರೆಗೆ ಏರಬಹುದು ಅನ್ನೋ ಮಿತಿ ಇನ್ನೊಂದು. ಅಂದ್ರೆ ಬಿಡುವಿದ್ದಾಗ ಸಾಲ ತಗೋಬಹುದು, ಮನೆಯವರು ಕೇಳಿದ ಕೂಡಲೇ ಬಿಟ್ಟುಕೊಡಬೇಕು.

ಮಿತಿ ಹಾಕೋದಕ್ಕೆ ಎರಡು ದಾರಿ ಇದೆ. ಮಿತಿ ದಾಟಿದ ಪ್ಯಾಕೆಟ್‌ಗಳನ್ನ ಅಲ್ಲೇ ಎಸೆಯೋದು ಒಂದು. ಅದಕ್ಕೆ ಪೊಲೀಸಿಂಗ್ ಅಂತಾರೆ. ಎಸೆಯದೆ ಸರತಿಯಲ್ಲಿ ನಿಲ್ಲಿಸಿ, ಸರದಿ ಬಂದ ಹಾಗೆ ಬಿಡೋದು ಇನ್ನೊಂದು. ಅದು ಶೇಪಿಂಗ್. ನಾವು ಮಾಡ್ತಿದ್ದದ್ದು ಎರಡನೆಯದು. ದಾರಿ ಸರಿಯಾಗೇ ಇತ್ತು, ನಡೆಸ್ತಿದ್ದ ರೀತಿ ಸರಿ ಇರಲಿಲ್ಲ.

ಎಂಟು ಜನ, ಒಂದೇ ಬೀಗದ ಕೈ

ನಾವು ದಿನಾ ನೋಡ್ತಿದ್ದ ಪರದೆಯಲ್ಲಿ ಸರ್ವರ್‌ನ ಸಿಪಿಯು ಬಳಕೆ 15 ಶೇಕಡಾ ಅಂತಿತ್ತು. "ಸರ್ವರ್ ಆರಾಮಾಗಿದೆ" ಅಂದುಕೊಂಡಿದ್ದೆವು. ಅದು ಸರಾಸರಿ. ಎಂಟು ಕೋರ್‌ಗಳನ್ನ ಬೇರೆ ಬೇರೆ ತೆಗೆದು ನೋಡಿದಾಗ ಎದೆ ಧಸಕ್ ಅಂತು. ಒಂದು ಕೋರ್ ಪೂರ್ತಿ 100, ಉಳಿದ ಏಳೂ ಅರೆನಿದ್ದೆಯಲ್ಲಿ. ಎಂಟರಲ್ಲಿ ಒಂದು ಪೂರ್ತಿ ದುಡಿದರೆ ಸರಾಸರಿ ಹನ್ನೆರಡೂವರೆ ಅಷ್ಟೆ ತಾನೆ? ಮನೆಯಲ್ಲಿ ಒಬ್ಬರೇ ಬೆನ್ನು ಮುರಿದುಕೊಂಡು ದುಡೀತಾ ಇದ್ದರೂ ಮನೆ ಲೆಕ್ಕದಲ್ಲಿ ಎಲ್ಲರೂ ಆರಾಮ ಅಂತ ಕಾಣ್ತಿತ್ತು.

ಆ ಒಂದು ಕೋರ್ ಮಾಡ್ತಿದ್ದದ್ದು ಏನು? ಹುಡುಕಾಟ. ಪ್ರತಿ ಪ್ಯಾಕೆಟ್ ಬಂದಾಗಲೂ "ಇದು ಯಾರ ಮನೆಯದು?" ಅಂತ ಗೊತ್ತಾಗಬೇಕು. ಅದಕ್ಕೆ ನಾವು ಮನೆಗೊಂದು ಸಾಲು ಬರೆದಿದ್ದೆವು. ಈ ವಿಳಾಸ ಆದರೆ ಈ ಸರತಿ, ಆ ವಿಳಾಸ ಆದರೆ ಆ ಸರತಿ. ಒಟ್ಟು 2,800 ಸಾಲು. ಪ್ಯಾಕೆಟ್ ಬಂತು ಅಂದ್ರೆ ಮೇಲಿನಿಂದ ಒಂದೊಂದೇ ಸಾಲು ಓದೋದು. ನೀನಾ? ಅಲ್ಲ. ನೀನಾ? ಅಲ್ಲ. ಸರಾಸರಿ 1,400 ಸಲ ಕೇಳಿದ ಮೇಲೆ ಮನೆ ಸಿಗತ್ತೆ.

ಇದರ ಲೆಕ್ಕ ಹಾಕಿ ನೋಡಿ. 1 ಗಿಗಾಬಿಟ್ ಲೈನ್‌ನಲ್ಲಿ ದೊಡ್ಡ ಪ್ಯಾಕೆಟ್‌ಗಳೇ ಬಂದರೂ ಸೆಕೆಂಡಿಗೆ ಸುಮಾರು 81 ಸಾವಿರ ಬರತ್ತೆ. ಒಂದೊಂದಕ್ಕೆ ಸಿಗೋ ಸಮಯ ಸುಮಾರು 12 ಮೈಕ್ರೋಸೆಕೆಂಡ್, ಅಂದ್ರೆ ಸೆಕೆಂಡಿನ ಹತ್ತು ಲಕ್ಷದ 12 ಭಾಗ. ಅಷ್ಟರೊಳಗೆ 1,400 ಪ್ರಶ್ನೆ ಮುಗೀಬೇಕು. 600 ಮೆಗಾಬಿಟ್‌ನಲ್ಲಿ ಓಡುವಾಗಲೇ ಸೆಕೆಂಡಿಗೆ ಏಳು ಕೋಟಿಯಷ್ಟು ಹೋಲಿಕೆ ಆಗ್ತಿತ್ತು. ಹಲಗೆ ಅಲ್ಲೇ ನಿಂತಿದ್ದಕ್ಕೆ ಕಾರಣ ಇದೇ.

ಇನ್ನೊಂದು ತಮಾಷೆ ಇದೆ. ಹೊಸ ಗಿರಾಕಿ ಬಂದ ಹಾಗೆ ನಾವು ಪಟ್ಟಿಯ ಕೊನೆಗೆ ಸೇರಿಸ್ತಿದ್ದೆವು. ಲಾಕ್‌ಡೌನ್‌ನಲ್ಲಿ ಬಂದವರೆಲ್ಲ ಕೊನೆಯಲ್ಲಿ. ಅತಿ ಹೆಚ್ಚು ಬಳಸ್ತಿದ್ದವರೂ ಅವರೇ. ಹಾಗಾಗಿ ನಿಜವಾದ ಲೆಕ್ಕ 1,400ಕ್ಕಿಂತಲೂ ಕೆಟ್ಟದಾಗಿತ್ತು.

ಇದರ ಮೇಲೆ ಬೀಗದ ಸಮಸ್ಯೆ ಬೇರೆ. ಎಚ್‌ಟಿಬಿ ಮರ ಒಂದು ಸಲಕ್ಕೆ ಒಂದು ಕೋರ್‌ಗೆ ಮಾತ್ರ ತೆರೆಯೋ ಹಾಗೆ ಬೀಗ ಇರತ್ತೆ. ಇಲ್ಲದಿದ್ದರೆ ಇಬ್ಬರು ಒಟ್ಟಿಗೆ ಕೈ ಹಾಕಿ ಲೆಕ್ಕ ಕೆಡತ್ತೆ. ಈ ಹುಡುಕಾಟ ನಡೀತಿದ್ದದ್ದು ಬೀಗದ ಕೈ ಹಿಡಿದುಕೊಂಡೇ. ಉಗ್ರಾಣದ ಬಾಗಿಲಲ್ಲಿ ಎಂಟು ಜನ ಕೆಲಸಗಾರರು, ಕೈ ಒಂದೇ. ಅದನ್ನ ಹಿಡಿದವನು ಒಳಗೆ ಹೋಗಿ ಪಟ್ಟಿ ಓದ್ತಾ ಕೂತರೆ ಉಳಿದವರು ಏನು ಮಾಡಬೇಕು?

ಪಿನ್ ಕೋಡ್ ಉಪಾಯ

ಮೊದಲನೇ ರಾತ್ರಿ ಅವಸರಕ್ಕೆ, ಹೆಚ್ಚು ಬಳಸೋ ಮನೆಗಳನ್ನ ಪಟ್ಟಿಯ ತಲೆಗೆ ತಂದೆ. ಸ್ವಲ್ಪ ಉಸಿರಾಡಿತು. ಆದ್ರೆ ಅದು ಔಷಧಿ ಅಲ್ಲ, ಬಾಮ್ ಹಚ್ಚಿದ ಹಾಗೆ.

ನಿಜವಾದ ಔಷಧಿ ನಮಗೆಲ್ಲ ಗೊತ್ತಿರೋದೇ. 1972ರಲ್ಲಿ ಅಂಚೆ ಇಲಾಖೆ ಪಿನ್ ಕೋಡ್ ಯಾಕೆ ತಂತು? ಪತ್ರ ವಿಂಗಡಿಸೋರು ದೇಶದ ಊರುಗಳ ಪಟ್ಟಿಯನ್ನೆಲ್ಲ ಓದೋ ಹಾಗಿರಬಾರದು ಅಂತ. ಮೊದಲ ಅಂಕಿ 5 ಅಂದ್ರೆ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿದ ವಲಯ. 572 ಅಂದ್ರೆ ತುಮಕೂರು ಕಡೆ. ಉಳಿದ ಮೂರು ಅಂಕಿ ಅಂಚೆ ಕಚೇರಿ. ಎಷ್ಟು ಊರಿದ್ದರೂ ವಿಂಗಡಣೆ ಕೆಲವೇ ಹೆಜ್ಜೆ.

ಐಪಿ ವಿಳಾಸವೂ ಹಾಗೇ, ಚುಕ್ಕಿ ಇಟ್ಟ ನಾಲ್ಕು ಸಂಖ್ಯೆ. ಪ್ರತಿಯೊಂದೂ 0ಯಿಂದ 255ರೊಳಗೆ. ಲಿನಕ್ಸ್‌ನ ಟಿಸಿ ಅನ್ನೋ ಸಲಕರಣೆಯಲ್ಲಿ 256 ಗೂಡುಗಳ ಕಪಾಟು ಮಾಡಬಹುದು. ಅದಕ್ಕೆ ಹ್ಯಾಶ್ ಟೇಬಲ್ ಅಂತ ಹೆಸರು. ಮೂರನೇ ಸಂಖ್ಯೆ ನೋಡಿ ಒಂದು ಕಪಾಟು ಆರಿಸು, ನಾಲ್ಕನೇ ಸಂಖ್ಯೆ ನೋಡಿ ಅದರ ಗೂಡಿಗೆ ಕೈ ಹಾಕು. ಮುಗೀತು. 1,400 ಪ್ರಶ್ನೆ ಇದ್ದ ಕಡೆ ಎರಡು ಮೂರು ಹೆಜ್ಜೆ. 2,800 ಮನೆ 28,000 ಆದರೂ ಹೆಜ್ಜೆ ಬೆಳೆಯಲ್ಲ.

ಅದರ ಜೊತೆ ಇನ್ನೊಂದು ತಪ್ಪನ್ನೂ ತಿದ್ದಿದೆ. ಮೊದಲೆಲ್ಲ ಒಬ್ಬ ಗಿರಾಕಿಯ ಪ್ಲ್ಯಾನ್ ಬದಲಾದರೂ ನಮ್ಮ ಸ್ಕ್ರಿಪ್ಟ್ ಇಡೀ ಮರ ಅಳಿಸಿ ಮತ್ತೆ ಕಟ್ಟುತ್ತಿತ್ತು, ಒಂದೊಂದು ಆಜ್ಞೆ ಬೇರೆ ಬೇರೆ ಓಡಿಸಿ. ಅಷ್ಟು ಹೊತ್ತೂ ಊರಿಗೆಲ್ಲ ಕಿರಿಕಿರಿ. ಬದಲಾದ ಮನೆಯ ಸಾಲುಗಳನ್ನ ಮಾತ್ರ ಒಂದು ಕಡತದಲ್ಲಿ ಬರೆದು ಒಟ್ಟಿಗೆ ಕೊಟ್ಟರೆ ಸಾಕು. ದೊಡ್ಡ ರೂಟರ್‌ನಲ್ಲಿ ದಿನಕ್ಕೆ ಹತ್ತಾರು ಬದಲಾವಣೆ ಇದ್ದೇ ಇರತ್ತೆ, ಅದಕ್ಕೂ ಮೊದಲೇ ದಾರಿ ಮಾಡಿಟ್ಟಿರಬೇಕು.

ಮಾರನೇ ಸಂಜೆ ಗ್ರಾಫ್ 600 ದಾಟಿತು. ಸಾವಿರವನ್ನೂ ದಾಟಿತು. ಮಾಲೀಕರು ಎಲ್ಲರಿಗೂ ಬೋಂಡ ತರಿಸಿದರು. ಬೋಂಡ ತಿನ್ನುವಾಗಲೇ ಮೇಷ್ಟ್ರ ಫೋನ್ ಬಂತು. "ಇನ್ನೂ ಕಟ್ ಆಗ್ತಿದೆಯಪ್ಪ."

ಮೇಲಕ್ಕೆ ಹೋಗೋ ದಾರಿ

ಆಗ ಹೊಳೀತು. ಮಕ್ಕಳಿಗೆ ಕೇಳಿಸ್ತಿಲ್ಲ ಅಂತ ಅವರು ಮೊದಲ ದಿನವೇ ಹೇಳಿದ್ದರು. ಅಂದ್ರೆ ತೊಂದರೆ ಅವರಿಂದ ಹೊರಗೆ ಹೋಗೋ ಕಡೆ, ಅಪ್‌ಲೋಡ್‌ನಲ್ಲಿ. ನಾವು ನೋಡ್ತಿದ್ದದ್ದೆಲ್ಲ ಡೌನ್‌ಲೋಡ್.

ನಮ್ಮ ಹತ್ತಿರ ಹೊರಗಿನ ಐಪಿ ವಿಳಾಸ ಕಡಿಮೆ. ಹಾಗಾಗಿ ಮನೆಗಳಿಗೆಲ್ಲ ಒಳಗಿನ ವಿಳಾಸ ಕೊಟ್ಟು, ಹೊರಗೆ ಹೋಗುವಾಗ ಕೆಲವೇ ಹೊರಗಿನ ವಿಳಾಸಕ್ಕೆ ಬದಲಾಯಿಸ್ತಿದ್ದೆವು. ಹಾಸ್ಟೆಲ್‌ನಿಂದ ಹೋಗೋ ಪತ್ರಕ್ಕೆಲ್ಲ ಹಾಸ್ಟೆಲ್ ವಿಳಾಸವೇ ಇದ್ದ ಹಾಗೆ, ರೂಮ್ ನಂಬರ್ ಗೊತ್ತಿರೋದು ವಾರ್ಡನ್‌ಗೆ ಮಾತ್ರ. ಇದನ್ನ ನ್ಯಾಟ್ ಅಂತಾರೆ. ನಮ್ಮ ಅಪ್‌ಲೋಡ್ ಹಂಚಿಕೆ ನಿಂತಿದ್ದದ್ದು ಹೊರಬಾಗಿಲಲ್ಲಿ, ವಿಳಾಸ ಬದಲಾದ ಮೇಲೆ. ಅಲ್ಲಿ ಯಾವ ಮನೆಯೂ ಗುರುತು ಸಿಗಲ್ಲ. ಗುರುತು ಸಿಗದವರಿಗೆಲ್ಲ ಅಂತ ಒಂದು ಸಾಮಾನ್ಯ ಸರತಿ ಇತ್ತು. ಇಡೀ ಊರು ಆ ಒಂದೇ ಸರತಿಯಲ್ಲಿ. ಮೇಷ್ಟ್ರ ಪಾಠ, ಯಾರದೋ ಫೋನಿನಿಂದ ಹೋಗ್ತಿರೋ ಮದುವೆ ಫೋಟೊಗಳು, ಎಲ್ಲ ಒಟ್ಟಿಗೆ.

ಪರಿಹಾರ ಅಂದ್ರೆ ವಿಳಾಸ ಬದಲಾಗೋ ಮುಂಚೆಯೇ ಹಿಡಿಯೋದು. ಬರೋ ದಾರಿಯಲ್ಲಿ ಲಿನಕ್ಸ್ ನೇರವಾಗಿ ಸರತಿ ನಿಲ್ಲಿಸಲ್ಲ, ಹೋಗೋ ದಾರಿಯಲ್ಲಿ ಮಾತ್ರ ನಿಲ್ಲಿಸೋದು. ಅದಕ್ಕೆ ಐಎಫ್‌ಬಿ ಅನ್ನೋ ಸುಳ್ಳು ಬಾಗಿಲು ಒಂದಿದೆ. ಮನೆಗಳ ಕಡೆಯಿಂದ ಬಂದದ್ದನ್ನ ಮೊದಲು ಆ ಬಾಗಿಲಿಂದ ಹಾಯಿಸಿದರೆ ಅಲ್ಲಿ ಒಳಗಿನ ವಿಳಾಸ ಇನ್ನೂ ಹಾಗೇ ಇರತ್ತೆ, ಮನೆಗೊಂದು ಸರತಿ ಮಾಡಬಹುದು. ಈಗ ನಾನು ಸಲಹೆ ಕೊಡೋದಾದರೆ, ಹಂಚಿಕೆಗೇ ಬೇರೆ ಸರ್ವರ್ ಇಟ್ಟು, ಅದನ್ನ ಮನೆಗಳಿಗೂ ನ್ಯಾಟ್ ಮಾಡೋ ರೂಟರ್‌ಗೂ ನಡುವೆ ಕೂರಿಸಿ ಅಂತೀನಿ. ಇನ್ನೂ ಸರಳ.

ಉದ್ದ ಸರತಿಯ ಕೇಡು

ಕೊನೆಯದು ಸರತಿಯ ಉದ್ದ. ನಾವು ಬೇರೆ ಹೇಳದೇ ಇದ್ದದ್ದರಿಂದ ನಮ್ಮ ಸರ್ವರ್‌ನಲ್ಲಿ ಪ್ರತಿ ಮನೆಯ ಸರತಿಗೂ 1,000 ಪ್ಯಾಕೆಟ್ ಜಾಗ ಇತ್ತು. ಕೇಳೋದಕ್ಕೆ ಧಾರಾಳ. ಆದರೆ ದೊಡ್ಡ ಪ್ಯಾಕೆಟ್ ಸಾವಿರ ಅಂದ್ರೆ 1 ಕೋಟಿ 20 ಲಕ್ಷ ಬಿಟ್. 10 ಮೆಗಾಬಿಟ್ ಪ್ಲ್ಯಾನ್‌ನಲ್ಲಿ ಅದು ಖಾಲಿಯಾಗೋಕೆ 1.2 ಸೆಕೆಂಡ್ ಬೇಕು. ಮನೆಯಲ್ಲಿ ಮಗ ಗೇಮ್ ಡೌನ್‌ಲೋಡ್‌ಗೆ ಹಾಕಿದ, ಸರತಿ ತುಂಬಿತು, ಅಪ್ಪ ಫೋನಿನಲ್ಲಿ ಕೇಳಬೇಕಾದ ಮಾತು ಅದರ ಹಿಂದೆ 1.2 ಸೆಕೆಂಡ್ ನಿಂತಿತು. ಮಾತುಕತೆ ಸಲೀಸಾಗಿರಬೇಕಾದರೆ ಒಂದು ಕಡೆಯ ತಡ 150 ಮಿಲಿಸೆಕೆಂಡ್‌ನೊಳಗೆ ಇರಬೇಕು ಅನ್ನೋದು ಟೆಲಿಫೋನ್ ಕಾಲದಿಂದಲೂ ಇರೋ ಅಳತೆ. ಸ್ಪೀಡ್ ಟೆಸ್ಟ್ ತೋರಿಸೋ ವೇಗದ ಅಂಕಿಯಲ್ಲಿ ಈ ತಡ ಕಾಣಲ್ಲ, ಆ ಅಂಕಿ ಬರೋ ನೀರು ಎಷ್ಟು ಅಂತ ಹೇಳತ್ತೆ ಅಷ್ಟೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ಇದು.

ಈ ಕಾಯಿಲೆಗೆ ಬಫರ್‌ಬ್ಲೋಟ್ ಅಂತ ಹೆಸರು. ಜಿಮ್ ಗೆಟ್ಟಿಸ್ ಅನ್ನೋ ಎಂಜಿನಿಯರ್ 2010ರ ಸುಮಾರಿಗೆ ತಮ್ಮ ಮನೆಯ ಇಂಟರ್ನೆಟ್‌ನಲ್ಲೇ ಇದನ್ನ ಕಂಡು ಎಲ್ಲರ ಗಮನಕ್ಕೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಇದಕ್ಕೆ ಕೋಡೆಲ್ ಅನ್ನೋ ವಿಧಾನ ಕೊಟ್ಟರು. ಅದರ ಸೊಗಸು ಏನಂದ್ರೆ, ಸರತಿಯಲ್ಲಿ ಎಷ್ಟು ಪ್ಯಾಕೆಟ್ ಇವೆ ಅಂತ ಅದು ಎಣಿಸಲ್ಲ, ಒಂದೊಂದು ಎಷ್ಟು ಹೊತ್ತು ಕಾದಿದೆ ಅಂತ ನೋಡತ್ತೆ. ಕಾಯುವಿಕೆ 100 ಮಿಲಿಸೆಕೆಂಡ್ ಉದ್ದಕ್ಕೂ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದೇ ಹೋದರೆ, ಒಂದು ಪ್ಯಾಕೆಟ್ ಬೀಳಿಸತ್ತೆ. ಕಳಿಸೋ ಕಡೆಯ ಕಂಪ್ಯೂಟರ್ "ಓ, ದಾರಿ ಕಿಕ್ಕಿರಿದಿದೆ" ಅಂತ ತಾನೇ ನಿಧಾನ ಮಾಡತ್ತೆ.

ಅದೇ ವರ್ಷ ಲಿನಕ್ಸ್‌ಗೆ ಬಂದ ಎಫ್‌ಕ್ಯೂ-ಕೋಡೆಲ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಒಂದು ಮನೆಯೊಳಗಿನ ಬೇರೆ ಬೇರೆ ಸಂಪರ್ಕಗಳನ್ನೂ 1,024 ಸಣ್ಣ ಸರತಿಗಳಲ್ಲಿ ಹಂಚತ್ತೆ. ಆಗೊಮ್ಮೆ ಈಗೊಮ್ಮೆ ಬರೋ ಸಣ್ಣ ಪ್ಯಾಕೆಟ್‌ಗಳು, ಅಂದ್ರೆ ಮಾತಿನಂಥವು, ಮುಂದೆ ಹೋಗ್ತವೆ. ಗೇಮ್ ಡೌನ್‌ಲೋಡ್ ತನ್ನ ಸರತಿಯಲ್ಲೇ ಕಾಯತ್ತೆ. 2018ರಲ್ಲಿ ಲಿನಕ್ಸ್‌ಗೆ ಸೇರಿದ ಕೇಕ್ ಅನ್ನೋದು ಇದರದೇ ಮುಂದಿನ ರೂಪ.

ಸಾವಿರಾರು ಮನೆಗೆ ಇದನ್ನ ಹಾಕುವಾಗ ಒಂದು ಎಚ್ಚರ. ಎಫ್‌ಕ್ಯೂ-ಕೋಡೆಲ್‌ನ ಒಂದೊಂದು ಸರತಿಗೂ 32 ಎಂಬಿ ಮೆಮೊರಿಯ ಮಿತಿ ಇರತ್ತೆ. 2,800 ಮನೆ, ಎರಡು ದಿಕ್ಕು, ಗುಣಿಸಿದರೆ ಸುಮಾರು 179 ಜಿಬಿ. ಎಲ್ಲವೂ ಒಟ್ಟಿಗೆ ತುಂಬಲ್ಲ, ನಿಜ. ಆದರೂ ಮಿತಿ ಇಳಿಸಿಯೇ ಇಡಬೇಕು. ಮನೆಗೆ ಸಾಲೋದು ಊರಿಗೆ ಗುಣಿಸಿದಾಗ ಏನಾಗತ್ತೆ ಅಂತ ಪ್ರತಿ ಸಂಖ್ಯೆಗೂ ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಸರತಿ ನಮ್ಮ ಕೈಯಲ್ಲಿರೋ ಜಾಗದಲ್ಲೇ ನಿಲ್ಲಬೇಕು. ಒಟ್ಟು ಮಿತಿಯನ್ನ ಲೈನ್‌ನ ವೇಗಕ್ಕಿಂತ ಒಂಚೂರು ಕಡಿಮೆ ಇಡಬೇಕು. ನಾವು 95 ಶೇಕಡಾ ಇಟ್ಟೆವು. ಪೂರ್ತಿ ಬಿಟ್ಟರೆ ಸರತಿ ಹೋಗಿ ಮೇಲಿನ ಕಂಪನಿಯ ಪೆಟ್ಟಿಗೆಯಲ್ಲಿ ಕಟ್ಟತ್ತೆ, ಅಲ್ಲಿ ನಮ್ಮ ಮಾತು ನಡೆಯಲ್ಲ.

ಇದೆಲ್ಲ ಮುಗಿದ ಮೇಲೆ ಎರಡು ದಿನ ಮೇಷ್ಟ್ರು ಫೋನ್ ಮಾಡಲಿಲ್ಲ. ಕೊನೆಗೆ ನಾನೇ ಮಾಡಿದೆ. "ಪಾಠ ನಡೀತಿದೆ, ಆಮೇಲೆ ಮಾತಾಡ್ತೀನಿ" ಅಂತ ಇಟ್ಟುಬಿಟ್ಟರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಸಿಕ್ಕಿಲ್ಲ.

ಮರವನ್ನೇ ಸೀಳಿದ್ದು

ಒಂದು ವರ್ಷ ನೆಮ್ಮದಿ. ಪಕ್ಕದ ಹೋಬಳಿಗಳಿಗೂ ಲೈನ್ ಹೋಗಿ ಮನೆಗಳು ಎರಡರಷ್ಟಾದಾಗ ಮತ್ತೆ ಹಲಗೆ ಕಾಣಿಸಿಕೊಂಡಿತು. ಈ ಸಲ ಹುಡುಕಾಟ ಅಲ್ಲ, ಬೀಗವೇ ಅಡ್ಡಿ. ಕೈ ಒಂದೇ ಇರೋವಾಗ ಎಷ್ಟು ಬೇಗ ಒಳಗೆ ಹೋಗಿ ಬಂದರೂ ಒಂದು ಮಿತಿ ಇದೆ.

ಹಾಗಾಗಿ ಉಗ್ರಾಣವನ್ನೇ ಭಾಗ ಮಾಡಿದೆವು. ನೆಟ್‌ವರ್ಕ್ ಕಾರ್ಡಿನ ಒಂದೊಂದು ಸರತಿಗೆ ಒಂದೊಂದು ಕೋರ್, ಒಂದೊಂದು ಕೋರ್‌ಗೆ ಅದರದೇ ಎಚ್‌ಟಿಬಿ ಮರ. ಇಂಥ ಬಡಾವಣೆ ಇಂಥ ಕೋರ್‌ಗೆ ಅಂತ ನಿಗದಿ. ಪ್ಯಾಕೆಟ್ ಕಾರ್ಡಿಗೆ ಬಂದ ತಕ್ಷಣ, ಇನ್ನೇನೂ ಆಗೋ ಮುಂಚೆ, ವಿಳಾಸ ನೋಡಿ ಅದರ ಕೋರ್‌ಗೆ ಕಳಿಸೋ ಕೆಲಸವನ್ನ ಎಕ್ಸ್‌ಡಿಪಿ ಅನ್ನೋ ವ್ಯವಸ್ಥೆ ಮಾಡತ್ತೆ. ಇವತ್ತು ಇದೇ ರೀತಿಯಲ್ಲಿ ಎಕ್ಸ್‌ಡಿಪಿ, ಎಚ್‌ಟಿಬಿ, ಕೇಕ್ ಮೂರನ್ನೂ ಸೇರಿಸಿ ಕಟ್ಟಿದ ಲಿಬ್ರೆಕ್ಯೂಓಎಸ್ ಅನ್ನೋ ಮುಕ್ತ ತಂತ್ರಾಂಶ ಸಿಗತ್ತೆ. ಸಣ್ಣ ಕಂಪನಿಗಳು ಎಲ್ಲವನ್ನೂ ಕೈಯಾರೆ ಬರೀಬೇಕಿಲ್ಲ. ಬಫರ್‌ಬ್ಲೋಟ್ ವಿರುದ್ಧ ವರ್ಷಗಟ್ಟಲೆ ದುಡಿದ ಡೇವ್ ಟಾಟ್ ಅವರ ಶ್ರಮವೂ ಅದರಲ್ಲಿ ಇದೆ. ಅವರು 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಭಾಗ ಮಾಡಿದ್ದಕ್ಕೆ ಬೆಲೆಯೂ ಇದೆ. ಒಂದು ಮರದಲ್ಲಿ ಉಳಿದ ನೀರನ್ನ ಇನ್ನೊಂದು ಮರದ ಮನೆ ಸಾಲ ತಗೋಳೋಕೆ ಆಗಲ್ಲ. ಅಣ್ಣತಮ್ಮಂದಿರು ಪಾಲಾದ ಮೇಲೆ ಅವರವರ ಬಾವಿ ಅವರವರಿಗೆ. ಅದಕ್ಕೇ ಜಾಸ್ತಿ ಬಳಸೋ ಎರಡು ಬಡಾವಣೆಗಳನ್ನ ಒಂದೇ ಕೋರ್‌ಗೆ ಹಾಕದ ಹಾಗೆ ನೋಡಿಕೊಂಡೆವು, ಆಗಾಗ ಅಳೆದು ಸರಿಪಡಿಸಿದೆವು.

ಈ ಗಲಾಟೆಯ ನಡುವೆ ಒಬ್ಬರು, "ಸಂಜೆ ಹೊತ್ತು ಸಿನಿಮಾ ವಿಡಿಯೊ ಆ್ಯಪ್‌ಗಳನ್ನ ನಿಧಾನ ಮಾಡಿಬಿಡಿ, ಎಲ್ಲ ಸರಿಹೋಗತ್ತೆ" ಅಂದಿದ್ದರು. ಅದು ತಪ್ಪು ದಾರಿ. ನೆಟ್ ತಟಸ್ಥತೆಯನ್ನ ಭಾರತ 2018ರಲ್ಲಿ ಒಪ್ಪಿಕೊಂಡಿದೆ. ಯಾವ ಆ್ಯಪ್ ಅಂತ ನೋಡಿ ತಡೆಯೋದು ನೀರಗಂಟಿಯ ಕೆಲಸ ಅಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಎಫ್‌ಕ್ಯೂ-ಕೋಡೆಲ್‌ಗೆ ಅದು ಸಿನಿಮಾನೋ ಪಾಠನೋ ಗೊತ್ತೇ ಇಲ್ಲ, ಸರದಿ ಮಾತ್ರ ಗೊತ್ತು.

ಕೇಳುಗರಿಗೆ ಒಂದು ಕೆಲಸ ಕೊಟ್ಟು ಮುಗಿಸ್ತೀನಿ. ಇವತ್ತು ರಾತ್ರಿ ಮನೆಯಲ್ಲಿ ದೊಡ್ಡದೊಂದು ಡೌನ್‌ಲೋಡ್ ಹಾಕಿ, ಅದು ಓಡ್ತಾ ಇರುವಾಗಲೇ ಯಾರಿಗಾದರೂ ವಿಡಿಯೊ ಕಾಲ್ ಮಾಡಿ. ಆಮೇಲೆ ದೊಡ್ಡ ವಿಡಿಯೊ ಒಂದನ್ನ ಅಪ್‌ಲೋಡ್‌ಗೆ ಹಾಕಿ ಮತ್ತೊಮ್ಮೆ ಮಾಡಿ. ಮಾತು ತಡವರಿಸಿದರೆ, ನಿಮ್ಮ ಕಂಪನಿಗೆ ಫೋನ್ ಮಾಡಿ "ಸ್ಪೀಡ್ ಕಮ್ಮಿ" ಅಂತ ಹೇಳಬೇಡಿ. "ಲೋಡ್ ಇದ್ದಾಗ ತಡ ಎಷ್ಟಾಗ್ತಿದೆ ನೋಡಿ" ಅಂತ ಹೇಳಿ. ನಿಮ್ಮ ಮನೆಯ ವೈಫೈ ಪೆಟ್ಟಿಗೆಯದೇ ತಪ್ಪಿದ್ದರೂ ಇರಬಹುದು, ಅದನ್ನೂ ನೋಡಲಿ. ಕೆಲಸ ಗೊತ್ತಿರೋರು ಆ ಕಡೆ ಇದ್ದರೆ ಅವರು ಒಂದು ಕ್ಷಣ ಸುಮ್ಮನಾಗ್ತಾರೆ. ಆಮೇಲೆ "ಲೈನ್ ಹೆಚ್ಚಿಸ್ತಿದೀವಿ ಸಾರ್" ಅನ್ನಲ್ಲ.